ಮೂರನೇ ಪ್ಯಾರಾದಲ್ಲಿ ಬರುವ ಆ ಸಾಲು

ಕೊಲೆಯ ಸುದ್ದಿ ಓದುವಾಗ ನನ್ನ ಕಣ್ಣು ಈಗೀಗ ನೇರವಾಗಿ ಮೂರನೇ ಪ್ಯಾರಾಕ್ಕೆ ಹೋಗುತ್ತದೆ. ಮೊದಲೆರಡರಲ್ಲಿ ಏನಾಯಿತು, ಎಲ್ಲಾಯಿತು ಅಂತ ಇರುತ್ತದೆ. ಮೂರನೆಯದರಲ್ಲೋ ನಾಲ್ಕನೆಯದರಲ್ಲೋ ಆ ಸಾಲು ಬರುತ್ತದೆ: 'ಆರೋಪಿ ವಿರುದ್ಧ ಈ ಹಿಂದೆಯೂ ಪ್ರಕರಣಗಳು ದಾಖಲಾಗಿದ್ದು, ಇತ್ತೀಚೆಗಷ್ಟೇ ಜಾಮೀನಿನ ಮೇಲೆ ಹೊರಬಂದಿದ್ದ.' ಕೆಲವು ಸಲ ಅದರ ಜಾಗದಲ್ಲಿ 'ಆತ ಮಾನಸಿಕ ಅಸ್ವಸ್ಥ ಎನ್ನಲಾಗಿದೆ' ಅಂತ ಇರುತ್ತದೆ. ಕೆಲವು ಸಲ ಎರಡೂ ಇರುತ್ತವೆ. ವರದಿಗಾರರು ಎಷ್ಟೋ ವರ್ಷದಿಂದ ಈ ಸಾಲು ಬರೆಯುತ್ತಲೇ ಇದ್ದಾರೆ. ನಾವು ಓದಿ ಮುಂದಿನ ಸುದ್ದಿಗೆ ಹೋಗುತ್ತಲೇ ಇದ್ದೇವೆ. ಆದರೆ ಆ ಒಂದು ಸಾಲಿನ ಒಳಗೆ ತಿಂಗಳುಗಳು, ಕೆಲವು ಸಲ ವರ್ಷಗಳೇ ಅಡಗಿರುತ್ತವೆ. ಆ ಅವಧಿಯಲ್ಲಿ ಅವನು ಎಲ್ಲಿದ್ದ? ಯಾರನ್ನು ಹೆದರಿಸುತ್ತಿದ್ದ? ಮಾತ್ರೆ ತಗೊಳ್ತಿದ್ದನಾ? ಕುಡಿಯುತ್ತಿದ್ದನಾ? ಇದನ್ನೆಲ್ಲ ನೋಡಿಕೊಳ್ಳಬೇಕಾದವರು ಯಾರು? ವರದಿ ಅಷ್ಟು ದೂರ ಹೋಗುವುದಿಲ್ಲ.

ಸುದ್ದಿಯ ಕೆಳಗೆ ಬರುವ ಮಾತುಗಳೂ ಅಷ್ಟೇ. ಅರ್ಧ ಜನ ಎನ್‌ಕೌಂಟರ್ ಮಾಡಿ ಅನ್ನುತ್ತಾರೆ. ಇನ್ನರ್ಧ ಜನ ತಲೆ ಸರಿ ಇಲ್ಲದವನು, ಏನು ಮಾಡೋಕಾಗುತ್ತೆ ಅನ್ನುತ್ತಾರೆ. ಈ ಎರಡು ಮಾತೂ ಘಟನೆ ಆದಮೇಲಿನವು. ನನ್ನನ್ನು ಕಾಡುವುದು ಅದಕ್ಕೆ ಮುಂಚಿನ ಅವಧಿ. ಯಾಕಂದ್ರೆ ಇಂಥ ಪ್ರಕರಣಗಳನ್ನು ಬಿಡಿಸಿ ನೋಡಿದರೆ ಅವನ ವಿಷಯ ಗೊತ್ತಿಲ್ಲದವರೇ ಇರುವುದಿಲ್ಲ. ಹೆಂಡತಿಗೆ ಗೊತ್ತು, ಪಕ್ಕದ ಮನೆಯವರಿಗೆ ಗೊತ್ತು, ಬೀಟ್ ಪೊಲೀಸರಿಗೆ ಗೊತ್ತು, ಹೊರರೋಗಿ ವಿಭಾಗದಲ್ಲಿ ಚೀಟಿ ಬರೆದ ಡಾಕ್ಟರಿಗೂ ಗೊತ್ತು. ಒಬ್ಬೊಬ್ಬರಿಗೆ ಗೊತ್ತಿರುವುದನ್ನು ಒಂದು ಕಡೆ ಕೂಡಿಸಿ, 'ಇದು ನನ್ನ ಹೊಣೆ' ಅನ್ನುವವರು ಮಾತ್ರ ಇಲ್ಲ.

ಪರೇಡ್‌ನಲ್ಲಿ ಸಿಕ್ಕಿಬಿದ್ದವನು

ನಮ್ಮ ರಾಜ್ಯದಲ್ಲಿ ಇದನ್ನು ಅರ್ಥ ಮಾಡಿಕೊಳ್ಳಲು ಅತ್ಯಾಚಾರ, ಕೊಲೆಗಳ ಅಪರಾಧಿ ಉಮೇಶ್ ರೆಡ್ಡಿಯ ಪ್ರಕರಣ ಸಾಕು. ಅವನು ಮಾಡಿದ ಕೃತ್ಯಗಳನ್ನು ಮತ್ತೆ ವಿವರಿಸುವುದಿಲ್ಲ, ನಿಮಗೂ ಗೊತ್ತಿದೆ. ನಾನು ನೋಡುವುದು ಅವನು ದಾಟಿಕೊಂಡು ಬಂದ ಬಾಗಿಲುಗಳನ್ನು. ಸಿಆರ್‌ಪಿಎಫ್‌ನಲ್ಲಿದ್ದಾಗ ಮೇಲಧಿಕಾರಿಯ ಮಗಳ ಮೇಲೆ ಅತ್ಯಾಚಾರಕ್ಕೆ ಯತ್ನಿಸಿ ಓಡಿಬಂದವನು ಅವನು. ಅದಾದಮೇಲೆ 1996ರಲ್ಲಿ ಚಿತ್ರದುರ್ಗದಲ್ಲಿ ಜಿಲ್ಲಾ ಸಶಸ್ತ್ರ ಮೀಸಲು ಪಡೆಗೆ ಸೇರಿದ. ಸಮವಸ್ತ್ರ ಸಿಕ್ಕಿತು. ಹಿಂದಿನ ಕೆಲಸ ಯಾಕೆ ಬಿಟ್ಟೆ ಅಂತ ಯಾರಾದರೂ ಸರಿಯಾಗಿ ವಿಚಾರಿಸಿದ್ದರೆ ಅವನು ಅಲ್ಲೇ ನಿಲ್ಲುತ್ತಿದ್ದ. ಆ ವರ್ಷದ ಕೊನೆಗೆ ಒಬ್ಬ ಶಾಲಾ ಹುಡುಗಿ ಸತ್ತಳು. ಅದಕ್ಕೂ ಮೊದಲು ಅವನ ಕೈಯಿಂದ ತಪ್ಪಿಸಿಕೊಂಡಿದ್ದ ಇನ್ನೊಬ್ಬ ಹುಡುಗಿ, 1997ರ ಗಣರಾಜ್ಯೋತ್ಸವದ ಪರೇಡ್‌ನಲ್ಲಿ ಪೊಲೀಸರ ಸಾಲಿನಲ್ಲಿ ಅವನನ್ನು ಗುರುತಿಸಿದಳು.

ಇದನ್ನು ಬರೆಯುವಾಗಲೂ ಕೈ ತಡೆಯುತ್ತದೆ. ಇಲಾಖೆಯ ಯಾವ ಕಾಗದವೂ ಹಿಡಿಯದವನನ್ನು ಮೈದಾನದ ಅಂಚಲ್ಲಿ ನಿಂತ ಒಬ್ಬ ಹುಡುಗಿ ಹಿಡಿದಳು. ಅಷ್ಟಾದರೂ ಕಥೆ ಮುಗಿಯಲಿಲ್ಲ. ಅವನು ಪೊಲೀಸರ ವಶದಿಂದ ತಪ್ಪಿಸಿಕೊಂಡ, ಅದೂ ಒಂದಕ್ಕಿಂತ ಹೆಚ್ಚು ಸಲ. 1998ರಲ್ಲಿ ಬೆಂಗಳೂರಿನ ಪೀಣ್ಯದಲ್ಲಿ ಒಬ್ಬ ತಾಯಿಯ ಕೊಲೆಯಾಯಿತು. ಅವನಿಗೆ ಗಲ್ಲು ಶಿಕ್ಷೆ ಬಂದದ್ದು ಇದೇ ಕೇಸಿನಲ್ಲಿ. ಉಳಿದ ಹಲವು ಕೇಸುಗಳು ಖುಲಾಸೆಯಲ್ಲಿ ಮುಗಿದವು. ನಡುವೆ ಇನ್ನೊಂದು ವಿಷಯವಿದೆ. ಹಗ್ಗದ ಮೇಲೆ ಒಣಹಾಕಿದ ಹೆಂಗಸರ ಒಳಉಡುಪು ಕದಿಯುವ ಚಾಳಿ ಅವನಿಗಿತ್ತು. ಠಾಣೆಯ ಲೆಕ್ಕದಲ್ಲಿ ಅದು ಚಿಲ್ಲರೆ ಕಳ್ಳತನ. ಮನೋವೈದ್ಯರ ಕಣ್ಣಿಗೆ ಬಿದ್ದಿದ್ದರೆ, ಅದನ್ನು ಉಳಿದ ದೂರುಗಳ ಜೊತೆ ಇಟ್ಟು ನೋಡಿದ್ದರೆ, ಬೇರೆಯೇ ಪ್ರಶ್ನೆಗಳು ಏಳುತ್ತಿದ್ದವು. ಆ ಚಾಳಿ ಇರುವವರೆಲ್ಲ ಕೊಲೆಗಾರರಾಗುತ್ತಾರೆ ಅಂತ ನಾನು ಹೇಳುತ್ತಿಲ್ಲ, ಹಾಗೆ ಹೇಳುವುದು ತಪ್ಪು. ಒಂಟಿ ಹೆಂಗಸರಿರುವ ಮನೆಗೆ ನುಗ್ಗುವ ದೂರುಗಳ ಪಕ್ಕದಲ್ಲಿ ಇಟ್ಟಾಗ ಅದರ ಅರ್ಥ ಬೇರೆ ಆಗುತ್ತದೆ ಅಷ್ಟೇ. ಹಾಗೆ ಪಕ್ಕದಲ್ಲಿಟ್ಟು ನೋಡುವ ಕೆಲಸ ಯಾವ ಇಲಾಖೆಯದ್ದೂ ಆಗಿರಲಿಲ್ಲ.

ಇನ್ನು ಈ ಕಥೆಯ ಕೊನೆಯ ಭಾಗ. 2006ರಲ್ಲಿ ಮರಣದಂಡನೆ. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. 2013ರಲ್ಲಿ ರಾಷ್ಟ್ರಪತಿಗಳು ಕ್ಷಮಾದಾನ ಅರ್ಜಿ ತಿರಸ್ಕರಿಸಿದರು. 2022ರ ನವೆಂಬರ್‌ನಲ್ಲಿ ಅದೇ ಸುಪ್ರೀಂ ಕೋರ್ಟ್ ಗಲ್ಲನ್ನು ಜೀವಾವಧಿಗೆ ಇಳಿಸಿತು. ಕನಿಷ್ಠ 30 ವರ್ಷ ಜೈಲಲ್ಲೇ ಇರಬೇಕು ಅಂತ ಷರತ್ತು ಹಾಕಿತು. ಕಾರಣ, ಬೆಳಗಾವಿ ಜೈಲಿನಲ್ಲಿ ಅವನನ್ನು 10 ವರ್ಷ ಒಂಟಿ ಸೆಲ್‌ನಲ್ಲಿ ಇಟ್ಟಿದ್ದರು. ಕ್ಷಮಾದಾನದ ಅರ್ಜಿಯೂ ಸೇರಿ ಎಲ್ಲ ದಾರಿ ಮುಗಿಯುವ ತನಕ ಮರಣದಂಡನೆಯ ಕೈದಿಯನ್ನು ಹಾಗಿಡುವಂತಿಲ್ಲ ಅಂತ ಸುಪ್ರೀಂ ಕೋರ್ಟಿನ 1978ರ ಸುನಿಲ್ ಬಾತ್ರಾ ತೀರ್ಪಿನಲ್ಲೇ ಇದೆ. 2022ರ ತೀರ್ಪು ಬಂದಾಗ ಎಷ್ಟೋ ಜನ ಸಿಟ್ಟಾದರು. ಸತ್ತವರ ಮನೆಯವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ನನ್ನ ಸಿಟ್ಟು ನ್ಯಾಯಾಧೀಶರ ಮೇಲಲ್ಲ. ಮೊದಲು ಅವನನ್ನು ತಡೆಯಬೇಕಾದಾಗ ಕಾನೂನು ಪಾಲಿಸಲಿಲ್ಲ. ಹಿಡಿದಿಟ್ಟ ಮೇಲೂ ಕಾನೂನು ಪಾಲಿಸಲಿಲ್ಲ. ಎರಡೂ ಕಡೆ ಎಡವಿದ್ದು ಒಂದೇ ವ್ಯವಸ್ಥೆ.

ಪ್ಲಾಸ್ಟಿಕ್ ಕವರ್ ಹಿಡಿದು ಬಂದ ತಾಯಿ

ಕೆಲವು ವರ್ಷಗಳ ಹಿಂದೆ ಒಂದು ಪೊಲೀಸ್ ಠಾಣೆಯಲ್ಲಿ ಕಾಯುತ್ತಾ ಕುಳಿತಿದ್ದೆ. ಕಳೆದುಹೋದ ದಾಖಲೆಗೆ ಒಂದು ಪತ್ರ ಬೇಕಿತ್ತು. ಐವತ್ತು ದಾಟಿದ ಹೆಂಗಸೊಬ್ಬರು ಬಂದರು. ಕೈಯಲ್ಲಿ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರ್. ಅದರೊಳಗಿನ ಕಾಗದಗಳನ್ನು ಅವರು ಮೇಜಿನ ಮೇಲೆ ಒಂದೊಂದಾಗಿ ಜೋಡಿಸಿದರು, ತಾರೀಕಿನ ಪ್ರಕಾರ. ಆಸ್ಪತ್ರೆಯ ಡಿಸ್ಚಾರ್ಜ್ ಕಾರ್ಡ್, ಇಂಗ್ಲಿಷಿನಲ್ಲಿ. ಮಾತ್ರೆ ಚೀಟಿಗಳು, ಯಾರಿಗೂ ಓದಲಾಗದ ಅಕ್ಷರದಲ್ಲಿ. ಬೇಲ್ ಆರ್ಡರ್‌ನ ಜೆರಾಕ್ಸ್. ಪಕ್ಕದ ಮನೆಯವರು ಕೊಟ್ಟಿದ್ದ ಕಂಪ್ಲೇಂಟ್‌ನ ಪ್ರತಿ. ಮಗ ಹಿಂದೆ ಒಬ್ಬರ ತಲೆ ಒಡೆದಿದ್ದನಂತೆ. ಜೈಲಿಗೆ ಹೋಗಿ, ಬೇಲ್ ಮೇಲೆ ಬಂದಿದ್ದಾನೆ. ಜೈಲಲ್ಲಿ ಮಾತ್ರೆ ನಿಂತುಹೋಗಿದೆ. ಈಗ ರಾತ್ರಿಯೆಲ್ಲ ಬಾಗಿಲ ಹತ್ತಿರ ಕೂತು ಯಾರೋ ಬರ್ತಾರೆ ಅಂತ ಕಾಯುತ್ತಾನೆ. ಹಾಸಿಗೆ ಕೆಳಗೆ ಕಬ್ಬಿಣದ ಪೈಪ್ ಇಟ್ಟುಕೊಂಡಿದ್ದಾನೆ. ಹಿಂದಿನ ಸಲವೂ ಹೀಗೇ ಶುರುವಾಗಿತ್ತು ಅಂತ ಅವರು ಹೇಳಿದರು.

ಎಎಸ್‌ಐ ಒರಟಾಗಿ ಮಾತಾಡಲಿಲ್ಲ. ಪೂರ್ತಿ ಕೇಳಿಸಿಕೊಂಡರು. ಆಮೇಲೆ, 'ಅಮ್ಮಾ, ಏನೂ ಮಾಡದೇ ಇರೋವಾಗ ನಾವು ಹೆಂಗೆ ಕೇಸ್ ಹಾಕೋದು? ಆಸ್ಪತ್ರೆಗೆ ಕರ್ಕೊಂಡು ಹೋಗಿ' ಅಂದರು. ಆಸ್ಪತ್ರೆಯವರು ಪೊಲೀಸರನ್ನು ಕರ್ಕೊಂಡು ಬನ್ನಿ ಅಂದಿದ್ದಾರೆ ಅಂತ ಆಕೆ ಹೇಳಿದರು. ಎಎಸ್‌ಐ ಸುಮ್ಮನಾದರು. ಆಗ ಆಕೆ ಕೇಳಿದ ಪ್ರಶ್ನೆ ನನಗೆ ಇವತ್ತಿಗೂ ನೆನಪಿದೆ. 'ಸಾರ್, ಜೈಲಿಗೆ ಕಳಿಸುವಾಗ ಈ ಮಾತ್ರೆ ಚೀಟಿ ಅಲ್ಲಿಗೆ ಯಾರು ಕಳಿಸಬೇಕಿತ್ತು? ನಾನಾ, ನೀವಾ, ಕೋರ್ಟಾ?' ಎಎಸ್‌ಐ ಪ್ರಾಮಾಣಿಕವಾಗಿಯೇ ಉತ್ತರ ಕೊಟ್ಟರು. 'ನಂಗೂ ಗೊತ್ತಿಲ್ಲಮ್ಮ.'

ಆಮೇಲೆ ನಾನು ಕಾನೂನು ಓದಿದೆ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯಲ್ಲಿ ಆ ತಾಯಿಗೆ ಬೇಕಾದದ್ದು ಸಾಕಷ್ಟು ಇದೆ. ಕಾಯಿಲೆಯ ಕಾರಣಕ್ಕೆ ತನಗೋ ಬೇರೆಯವರಿಗೋ ಅಪಾಯ ಅನ್ನಿಸುವ ವ್ಯಕ್ತಿ ಠಾಣೆಯ ವ್ಯಾಪ್ತಿಯಲ್ಲಿದ್ದರೆ ಅವನನ್ನು ರಕ್ಷಣೆಗೆ ತೆಗೆದುಕೊಂಡು, 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯುವುದು ಪೊಲೀಸರ ಕರ್ತವ್ಯ. 100ನೇ ಸೆಕ್ಷನ್ ಹೇಳುವುದು ಇದನ್ನೇ. ಇದಕ್ಕೆ ಕೇಸ್ ಹಾಕಬೇಕಾಗಿಲ್ಲ, ಅವನು ಏನಾದರೂ ಮಾಡುವ ತನಕ ಕಾಯಬೇಕಾಗಿಯೂ ಇಲ್ಲ. ಹತ್ತಿರದವರ ಮೇಲೆ ಕೈ ಮಾಡಿದ್ದರೆ, ಅವರಲ್ಲಿ ಭಯ ಹುಟ್ಟಿಸಿದ್ದರೆ, ಅವನ ಒಪ್ಪಿಗೆ ಇಲ್ಲದೆಯೂ 30 ದಿನದವರೆಗೆ ದಾಖಲಿಸಿಕೊಳ್ಳಲು 89ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಅವನ ಪರವಾಗಿ ನಾಮನಿರ್ದೇಶಿತ ಪ್ರತಿನಿಧಿ ಅರ್ಜಿ ಕೊಡಬೇಕು, ಒಬ್ಬ ಮನೋವೈದ್ಯರು ಮತ್ತು ಇನ್ನೊಬ್ಬ ವೈದ್ಯರೋ ಮಾನಸಿಕ ಆರೋಗ್ಯ ತಜ್ಞರೋ ಪ್ರತ್ಯೇಕವಾಗಿ ಪರೀಕ್ಷಿಸಬೇಕು, ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ತಿಳಿಸಬೇಕು. ಕಾಗದದ ಮೇಲೆ ಇದೆ. ಆ ಠಾಣೆಯಲ್ಲಿ ಕೂತಿದ್ದ ಒಳ್ಳೆಯ ಮನುಷ್ಯನಿಗೆ ಗೊತ್ತಿರಲಿಲ್ಲ. ಗೊತ್ತಿದ್ದಿದ್ದರೂ ಆ ತಾಯಿಯ ಮಗನನ್ನು ಕಳಿಸಲು ಒಂದು ಹಾಸಿಗೆ ಖಾಲಿ ಇರುತ್ತಿತ್ತಾ ಅನ್ನುವುದು ಬೇರೆ ಪ್ರಶ್ನೆ.

ಕಾಯಿಲೆ ಬೇರೆ, ಅಪಾಯ ಬೇರೆ

ಇಲ್ಲಿ ಒಂದು ಮಾತು ಬಿಡಿಸಿ ಹೇಳಲೇಬೇಕು. ಮಾನಸಿಕ ಕಾಯಿಲೆ ಇರುವವರಲ್ಲಿ ಬಹುಪಾಲು ಜನ ಯಾರಿಗೂ ಒಂದೇಟು ಹೊಡೆದವರಲ್ಲ. ಹೊಡೆತ ತಿನ್ನುವವರೇ ಜಾಸ್ತಿ. ಮನೆಯಲ್ಲಿ ಕಟ್ಟಿಹಾಕಿಸಿಕೊಂಡವರು, ಬೀದಿಯಲ್ಲಿ ಕಲ್ಲೇಟು ತಿಂದವರು. ಇನ್ನೊಂದು ಕಡೆ, ಮತ್ತೆ ಮತ್ತೆ ಹಿಂಸೆ ಮಾಡುವವರಲ್ಲಿ ಹಲವರಿಗೆ ಭ್ರಮೆಯೂ ಇಲ್ಲ, ಕಿವಿಯಲ್ಲಿ ಧ್ವನಿಯೂ ಕೇಳುವುದಿಲ್ಲ. ಸಿಟ್ಟು, ಕುಡಿತ, ಹೆಂಗಸು ತನ್ನ ಸ್ವತ್ತು ಅನ್ನುವ ಧೋರಣೆ, ಹಿಂದೆ ಹೊಡೆದಾಗ ಏನೂ ಆಗಲಿಲ್ಲ ಅನ್ನುವ ಧೈರ್ಯ ಇಷ್ಟೇ ಸಾಕಾಗುತ್ತದೆ. ಅಪಾಯವನ್ನು ಅಳೆಯುವವರು ಮೊದಲು ನೋಡುವುದು ಹಿಂದಿನ ಹಿಂಸೆಯನ್ನು. ಆಮೇಲೆ ಕುಡಿತ, ಗಾಂಜಾದಂಥ ಚಟಗಳನ್ನು. ತೀವ್ರ ಕಾಯಿಲೆಯೂ ಇದ್ದು, ಚಟವೂ ಇದ್ದು, ಚಿಕಿತ್ಸೆ ನಿಂತಿದ್ದರೆ ಅಪಾಯ ನಿಜವಾಗಿಯೂ ಏರುತ್ತದೆ.

ಕೋರ್ಟ್ ಕೇಳುವ ಪ್ರಶ್ನೆ ಇದಲ್ಲ. ಹಳೆಯ ಐಪಿಸಿಯ 84ನೇ ಸೆಕ್ಷನ್, ಈಗ ಭಾರತೀಯ ನ್ಯಾಯ ಸಂಹಿತೆಯ 22ನೇ ಸೆಕ್ಷನ್, ಕೇಳುವುದು ಒಂದೇ: ಆ ಕ್ಷಣದಲ್ಲಿ ತಾನು ಏನು ಮಾಡುತ್ತಿದ್ದೇನೆ, ಅದು ತಪ್ಪು ಅಂತ ಅವನಿಗೆ ಗೊತ್ತಿತ್ತಾ? ಇದರ ಮೂಲ 1843ರ ಇಂಗ್ಲೆಂಡಿನ ಮೆಕ್‌ನಾಟನ್ ನಿಯಮಗಳಲ್ಲಿದೆ. 'ಮೆಂಟಲ್ ಸರ್ಟಿಫಿಕೇಟ್ ಇದ್ರೆ ಬಚಾವ್' ಅಂತ ಜನ ಅಂದುಕೊಂಡಿದ್ದಾರೆ. ಹಾಗೇನಿಲ್ಲ. ಡಾಕ್ಟರ್ ಕಾಯಿಲೆ ಇದೆ ಅಂತ ಬರೆದುಕೊಟ್ಟರೂ ಸಾಲದು, ಆ ಗಳಿಗೆಯ ಮನಸ್ಥಿತಿಯನ್ನು ಆರೋಪಿಯ ಕಡೆಯವರೇ ಸಾಬೀತು ಮಾಡಬೇಕು. ಅದು ಬಹಳ ಕಷ್ಟ. ಹೀಗಾಗಿ ಕಾಯಿಲೆ ಇರುವ ಎಷ್ಟೋ ಜನ ಸಾಮಾನ್ಯ ಕೈದಿಗಳಾಗಿಯೇ ಒಳಗೆ ಹೋಗುತ್ತಾರೆ. ಆಸ್ಪತ್ರೆಯ ಪ್ರಶ್ನೆ ಇನ್ನೊಂದು: ಇವತ್ತು ಇವನನ್ನು ದಾಖಲು ಮಾಡುವಷ್ಟು ಹುಷಾರಿಲ್ಲವಾ? ವಾರ ಮಾತ್ರೆ ಕೊಟ್ಟ ಮೇಲೆ ಸಮಾಧಾನವಾದರೆ ಮನೆಗೆ ಕಳಿಸುತ್ತಾರೆ. ಪೊಲೀಸರ ಪ್ರಶ್ನೆ, ಕೇಸ್ ನಿಲ್ಲುತ್ತದಾ? ಮೂರೂ ನ್ಯಾಯವಾದ ಪ್ರಶ್ನೆಗಳೇ. ಮುಂದಿನ ಆರು ತಿಂಗಳಲ್ಲಿ ಈ ಮನುಷ್ಯನಿಂದ ಯಾರಿಗೆ ಅಪಾಯ, ಅದನ್ನು ಕಡಿಮೆ ಮಾಡೋದು ಹೇಗೆ ಅನ್ನುವ ನಾಲ್ಕನೇ ಪ್ರಶ್ನೆ ಯಾರ ಮೇಜಿನ ಮೇಲೂ ಇಲ್ಲ.

ದುಡ್ಡಿದ್ದರೆ ಇದೆಲ್ಲ ಸರಿಯಾಗುತ್ತದೆ ಅನ್ನುವವರು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಪ್ರಕರಣ ಓದಬೇಕು. 2023ರ ಜೂನ್‌ನಲ್ಲಿ ಅಲ್ಲಿ ಒಬ್ಬನೇ ವ್ಯಕ್ತಿ ಮೂವರನ್ನು ಇರಿದು ಕೊಂದ. ಅವನಿಗೆ ಸ್ಕಿಜೋಫ್ರೇನಿಯಾ ಅನ್ನುವ ತೀವ್ರ ಮಾನಸಿಕ ಕಾಯಿಲೆ ಇತ್ತು, ಹಲವು ಸಲ ಆಸ್ಪತ್ರೆಯಲ್ಲಿದ್ದ, ಹಿಂಸೆಯ ಹಿನ್ನೆಲೆಯೂ ಇತ್ತು. ಚಿಕಿತ್ಸೆಗೆ ಬರುತ್ತಿಲ್ಲ, ಸಂಪರ್ಕಕ್ಕೆ ಸಿಗುತ್ತಿಲ್ಲ ಅಂತ 2022ರಲ್ಲಿ ಮಾನಸಿಕ ಆರೋಗ್ಯ ತಂಡ ಅವನ ಫೈಲನ್ನೇ ಮುಚ್ಚಿ ಸಾಮಾನ್ಯ ವೈದ್ಯರ ಕಡೆ ದಾಟಿಸಿತು. ಪೊಲೀಸ್ ಅಧಿಕಾರಿಯ ಮೇಲೆ ಕೈ ಮಾಡಿದ್ದಕ್ಕೆ ವಾರಂಟ್ ಇತ್ತು, ತಿಂಗಳುಗಟ್ಟಲೆ ಯಾರೂ ಅದನ್ನು ಜಾರಿ ಮಾಡಲಿಲ್ಲ. ಬರದೇ ಇರುವುದೇ ಕಾಯಿಲೆ ಏರುತ್ತಿರುವ ಗುರುತು. ಅದನ್ನೇ ಕಾರಣವಾಗಿಟ್ಟುಕೊಂಡು ಕೈಬಿಟ್ಟರು.

ಜೈಲಿನ ಒಳಗೆ

ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ನಿಮ್ಹಾನ್ಸ್ ತಂಡ ಐದು ಸಾವಿರಕ್ಕೂ ಹೆಚ್ಚು ಕೈದಿಗಳನ್ನು ಪರೀಕ್ಷಿಸಿ 2011ರಲ್ಲಿ ವರದಿ ಕೊಟ್ಟಿತು. ಸುಮಾರು ಶೇ 80ರಷ್ಟು ಜನರಲ್ಲಿ ಮಾನಸಿಕ ಕಾಯಿಲೆ ಅಥವಾ ಚಟದ ಸಮಸ್ಯೆ ಕಂಡುಬಂತು. ಚಟವನ್ನು ಪಕ್ಕಕ್ಕಿಟ್ಟು ಲೆಕ್ಕ ಹಾಕಿದರೂ ಕಾಲು ಭಾಗಕ್ಕಿಂತ ಜಾಸ್ತಿ. ಇದನ್ನು ಓದಿ, ಆಮೇಲೆ 2017ರ ಕಾಯ್ದೆಯ 103ನೇ ಸೆಕ್ಷನ್ ಓದಿ. ಪ್ರತಿ ರಾಜ್ಯದಲ್ಲಿ ಕನಿಷ್ಠ ಒಂದು ಜೈಲಿನ ವೈದ್ಯಕೀಯ ವಿಭಾಗದಲ್ಲಿ ಮಾನಸಿಕ ಆರೋಗ್ಯ ಘಟಕ ಇರಬೇಕು ಅನ್ನುತ್ತದೆ, ಒಳ್ಳೆಯದು. ಅದೇ ಸೆಕ್ಷನ್‌ನಲ್ಲಿ ಇನ್ನೊಂದು ಅಂಶವಿದೆ. ಜೈಲಿನ ವೈದ್ಯಾಧಿಕಾರಿ ಮೂರು ತಿಂಗಳಿಗೊಮ್ಮೆ, ಈ ಜೈಲಿನಲ್ಲಿ ಮಾನಸಿಕ ಕಾಯಿಲೆ ಇರುವ ಕೈದಿಗಳು ಇಲ್ಲ ಅಂತ ಮಂಡಳಿಗೆ ದೃಢೀಕರಿಸಿ ವರದಿ ಕಳಿಸಬೇಕು. ಇಲ್ಲ ಅಂತ! ಎಷ್ಟು ಜನ ಇದ್ದಾರೆ, ಎಷ್ಟು ಜನಕ್ಕೆ ಚಿಕಿತ್ಸೆ ಸಿಗುತ್ತಿದೆ ಅಂತ ಕೇಳಬೇಕಾದ ಜಾಗದಲ್ಲಿ ಕಾನೂನೇ ಇಲ್ಲ ಅನ್ನುವ ಸಹಿ ಕೇಳುತ್ತದೆ. ಕಾಯಿಲೆ ಇರುವವರು ಜೈಲಲ್ಲಿ ಉಳಿಯಬಾರದು, ಅವರನ್ನು ಆಸ್ಪತ್ರೆಗೆ ಸಾಗಿಸಬೇಕು ಅನ್ನುವ ಸದುದ್ದೇಶದಿಂದ ಬರೆದಿರಬಹುದು. ನಡೆಯುವುದು ಏನು ಅನ್ನುವುದನ್ನು ಊಹಿಸಲು ಕಷ್ಟಪಡಬೇಕಾಗಿಲ್ಲ.

ದೇಶದ ಜೈಲುಗಳಲ್ಲಿ ಇರುವ ನಾಲ್ವರಲ್ಲಿ ಮೂವರು ವಿಚಾರಣಾಧೀನ ಕೈದಿಗಳು. ಅವರಲ್ಲಿ ಯಾರನ್ನಾದರೂ ಮನೋವೈದ್ಯರ ಹತ್ತಿರ ಕರೆದೊಯ್ಯಬೇಕಾದರೆ ಬೆಂಗಾವಲು ಪೊಲೀಸರು ಬೇಕು. ಬಂದೋಬಸ್ತು ಇದ್ದ ದಿನ ಎಸ್ಕಾರ್ಟ್ ಇಲ್ಲ, ಆಸ್ಪತ್ರೆ ಭೇಟಿ ರದ್ದು. ಕೋರ್ಟಿನಲ್ಲೂ ಇದೇ ಕಥೆ. ನೆಂಟರ ಆಸ್ತಿ ವ್ಯಾಜ್ಯಕ್ಕೆ ಅಂತ ಕೋರ್ಟಿಗೆ ಹೋದಾಗ ಹಲ್ಲೆ ಕೇಸಿನ ಸಾಕ್ಷಿಯೊಬ್ಬರ ಪಕ್ಕ ಕೂತಿದ್ದೆ. ಬಲಗೈಯ ಎರಡು ಬೆರಳು ಅವರಿಗೆ ಮಡಚಲು ಬರುತ್ತಿರಲಿಲ್ಲ. ಒಬ್ಬ ಆರೋಪಿಯನ್ನು ಜೈಲಿನಿಂದ ಕರೆತಂದಿರಲಿಲ್ಲ, ಡೇಟ್ ಮುಂದಕ್ಕೆ ಹೋಯಿತು. ಇನ್ನೊಬ್ಬ ಬೇಲ್ ಮೇಲೆ ಇದ್ದ, ಎದುರಿನ ಬೆಂಚಿನಲ್ಲೇ ಕೂತಿದ್ದ. 'ನಾನಿಲ್ಲಿ ನಿಜ ಹೇಳಿ ವಾಪಸ್ ಅದೇ ಬೀದಿಗೆ ಹೋಗಬೇಕಲ್ವಾ' ಅಂದರು ಅವರು, ನನ್ನ ಕಡೆ ನೋಡದೆ. ಸಾಕ್ಷಿ ಉಲ್ಟಾ ಹೊಡೆದ ಅಂತ ನಾವು ಎಷ್ಟು ಸುಲಭವಾಗಿ ಹೇಳುತ್ತೇವೆ. 2018ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದ ಸಾಕ್ಷಿ ರಕ್ಷಣಾ ಯೋಜನೆ ಇದೆ. ಆ ಬೆಂಚಿನ ತನಕ ಅದು ಬಂದಿರಲಿಲ್ಲ.

ಭದ್ರತೆಯ ಕಥೆ ಹೇಳುವುದಾದರೆ ಜೈಶಂಕರ್ ನೆನಪಾಗುತ್ತಾನೆ, ಪತ್ರಿಕೆಗಳು ಸೈಕೋ ಶಂಕರ್ ಅಂತ ಕರೆದವನು. (ಆ ಅಡ್ಡಹೆಸರು ನನಗೆ ಇಷ್ಟವಿಲ್ಲ. ಚಿಕಿತ್ಸೆಯಲ್ಲಿರುವ ಲಕ್ಷಾಂತರ ಜನರ ಮೇಲೆ ಅದರ ಮಸಿ ಬೀಳುತ್ತದೆ.) ಹೆಂಗಸರ ಅತ್ಯಾಚಾರ, ಕೊಲೆಯ ಆರೋಪದಲ್ಲಿ ಬಂಧನದಲ್ಲಿದ್ದವನು 2011ರ ಮಾರ್ಚ್‌ನಲ್ಲಿ ತಮಿಳುನಾಡಿನಲ್ಲಿ ಕೋರ್ಟಿನಿಂದ ವಾಪಸ್ ಕರೆದೊಯ್ಯುವಾಗ ಪರಾರಿಯಾದ. ಆ ಅವಮಾನ ತಾಳದೆ ಬೆಂಗಾವಲಿಗಿದ್ದ ಪೊಲೀಸ್ ಒಬ್ಬರು ಪ್ರಾಣ ಕಳೆದುಕೊಂಡರು. ಅವನು ಕರ್ನಾಟಕಕ್ಕೆ ಬಂದ, ಇಲ್ಲಿ ಮತ್ತಷ್ಟು ಹೆಂಗಸರು ಬಲಿಯಾದರು. ಮೇ ತಿಂಗಳಲ್ಲಿ ವಿಜಯಪುರ ಜಿಲ್ಲೆಯಲ್ಲಿ ಸಿಕ್ಕಿಬಿದ್ದ. 2013ರ ಸೆಪ್ಟೆಂಬರ್ 1ರಂದು ಪರಪ್ಪನ ಅಗ್ರಹಾರದ ಗೋಡೆ ಹಾರಿದ, ಕೆಲವೇ ದಿನಗಳಲ್ಲಿ ಮತ್ತೆ ಸಿಕ್ಕ. 2018ರ ಫೆಬ್ರುವರಿಯಲ್ಲಿ ಅದೇ ಜೈಲಿನಲ್ಲಿ ಆತ್ಮಹತ್ಯೆ ಮಾಡಿಕೊಂಡ. ಇಷ್ಟು ವರ್ಷ ಸರ್ಕಾರದ ಕೈಯಲ್ಲಿದ್ದ ಮನುಷ್ಯನಿಂದ, ಇಂಥವರು ಹೇಗೆ ರೂಪುಗೊಳ್ಳುತ್ತಾರೆ, ಎಲ್ಲಿ ತಡೆಯಬಹುದಿತ್ತು ಅನ್ನುವುದನ್ನು ನಾವು ಕಲಿಯಬಹುದಿತ್ತು. ಕಲಿತದ್ದು ಗೋಡೆಯ ಎತ್ತರದ ಬಗ್ಗೆ ಮಾತ್ರ.

'ಹಾಗಾದರೆ ಎಲ್ಲರನ್ನೂ ಒಳಗೇ ಇಟ್ಟುಬಿಡಿ' ಅನ್ನುವುದಕ್ಕೂ ಉತ್ತರ ಇದೆ, ಅಸ್ಸಾಂನ ಮಚಂಗ್ ಲಾಲುಂಗ್. 1951ರಲ್ಲಿ ಬಂಧಿಸಿ ಮಾನಸಿಕ ಆಸ್ಪತ್ರೆಗೆ ಕಳಿಸಿದರು. 1967ರಲ್ಲೇ ಅವರು ಗುಣವಾಗಿದ್ದಾರೆ ಅಂತ ಆಸ್ಪತ್ರೆ ತಿಳಿಸಿತು. ಬಿಡುಗಡೆಯಾದದ್ದು 2005ರಲ್ಲಿ. ವಿಚಾರಣೆಯೇ ನಡೆಯದೆ 54 ವರ್ಷ. ಅಪಾಯಕಾರಿ ವ್ಯಕ್ತಿಯನ್ನು ಹೊರಗೆ ಮರೆಯುವ ವ್ಯವಸ್ಥೆ, ಅಪಾಯವೇ ಇಲ್ಲದವರನ್ನು ಒಳಗೆ ಮರೆಯುತ್ತದೆ. ಕಾರಣ ಒಂದೇ, ಫೈಲಿಗೆ ಒಡೆಯರಿಲ್ಲ.

ಯಾರಾದರೂ ಒಬ್ಬರು

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2001ರಿಂದ ಒಂದು ಪದ್ಧತಿ ಇದೆ. ಹಿಂಸೆ ಮತ್ತು ಲೈಂಗಿಕ ಅಪರಾಧಗಳಲ್ಲಿ ಶಿಕ್ಷೆಯಾದವರು ಹೊರಬರುವಾಗ ಪೊಲೀಸ್, ಪ್ರೊಬೇಷನ್ (ಜೈಲಿನ ಹೊರಗಿರುವ ಅಪರಾಧಿಗಳ ಮೇಲೆ ನಿಗಾ ಇಡುವವರು), ಜೈಲು ಮೂರೂ ಇಲಾಖೆ ಜೊತೆ ಸೇರಿ ಅಪಾಯ ಅಳೆಯುತ್ತವೆ, ಆರೋಗ್ಯ ಇಲಾಖೆಯೂ ಸಹಕರಿಸಬೇಕು. ನಾಟಿಂಗ್‌ಹ್ಯಾಮ್ ಆದದ್ದು ಈ ಪದ್ಧತಿ ಇರುವ ದೇಶದಲ್ಲೇ. ಆ ಮನುಷ್ಯ ಶಿಕ್ಷೆಯಾದವನಲ್ಲ, ಹಾಗಾಗಿ ಅದರ ಬಲೆಗೆ ಬೀಳಲಿಲ್ಲ. ನಮ್ಮಲ್ಲಿ ಜಾಮೀನಿನ ಮೇಲೆ ಇರುವವರೇ ಜಾಸ್ತಿ, ಆದ್ದರಿಂದ ನಮ್ಮ ಏರ್ಪಾಡು ಶಿಕ್ಷೆಗಾಗಿ ಕಾಯುವಂತಿಲ್ಲ. ನಾನು ಹೇಳುತ್ತಿರುವುದು ರೌಡಿ ಶೀಟ್ ಅಲ್ಲ. ರೌಡಿ ಶೀಟ್ ಅಂದರೆ ಹಬ್ಬಕ್ಕೆ ಮೊದಲು ಠಾಣೆಗೆ ಕರೆಸಿ ಸಾಲಾಗಿ ನಿಲ್ಲಿಸುವುದು. ಅದರಿಂದ ಯಾರ ಕುಡಿತ ಬಿಟ್ಟಿದೆ, ಯಾರ ಹೆಂಡತಿ ಸುರಕ್ಷಿತವಾಗಿದ್ದಾಳೆ? ಪದೇ ಪದೇ ಹಿಂಸೆ ಮಾಡಿದವರ ಮಟ್ಟಿಗೆ ತಾಲ್ಲೂಕಿಗೊಬ್ಬ ಅಧಿಕಾರಿಯ ಹೆಸರು ಬೇಕು. ಬೇಲ್ ಸಿಕ್ಕ ದಿನ ದೂರು ಕೊಟ್ಟವರಿಗೆ ಫೋನ್ ಮಾಡುವುದು, ಜೈಲಿನ ಗೇಟಿನಿಂದ ಜಿಲ್ಲಾ ಆಸ್ಪತ್ರೆಗೆ ಚಿಕಿತ್ಸೆಯ ಕಾಗದ ತಲುಪಿಸುವುದು, ಮಾತ್ರೆಗೆ ಬರದಿದ್ದಾಗ ಮನೆಗೆ ಹೋಗಿ ನೋಡುವುದು ಆ ಅಧಿಕಾರಿಯ ಕೆಲಸವಾಗಬೇಕು. 1958ರ ಪ್ರೊಬೇಷನ್ ಕಾಯ್ದೆಯ ಅಧಿಕಾರಿಗಳು ನಮ್ಮಲ್ಲಿ ಇದ್ದಾರೆ. ಬಳ್ಳಾರಿಯಲ್ಲಿ ನಿಮ್ಹಾನ್ಸ್ ಮಾಡಿ ತೋರಿಸಿದ ಮಾದರಿಯ ಮೇಲೆಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಅಂದರೆ ಕೈಗಳು ಇವೆ, ಅವು ಒಂದನ್ನೊಂದು ಹಿಡಿದಿಲ್ಲ.

ಇದಕ್ಕೆ ಹೊಸ ಕಾನೂನು ಬರಲಿ ಅಂತ ಕಾಯುವ ಮೊದಲು ಕೇಳಬಹುದಾದ ಪ್ರಶ್ನೆಗಳಿವೆ. ಕರ್ನಾಟಕದ ಯಾವ ಜೈಲಿನಲ್ಲಿ 103ನೇ ಸೆಕ್ಷನ್ ಹೇಳುವ ಘಟಕ ಇದೆ, ಅಲ್ಲಿ ಮನೋವೈದ್ಯರ ಎಷ್ಟು ಹುದ್ದೆ ಖಾಲಿ ಇದೆ? ಕಳೆದ ಒಂದು ವರ್ಷದಲ್ಲಿ ಎಸ್ಕಾರ್ಟ್ ಇಲ್ಲದೆ ರದ್ದಾದ ಆಸ್ಪತ್ರೆ ಭೇಟಿಗಳು ಎಷ್ಟು? ಮೂರು ತಿಂಗಳಿಗೊಮ್ಮೆ ಹೋಗುವ ಆ ವರದಿಗಳಲ್ಲಿ ಏನು ಬರೆದಿದ್ದಾರೆ? 100ನೇ ಸೆಕ್ಷನ್ ಅಡಿ ನಮ್ಮ ಜಿಲ್ಲೆಯ ಠಾಣೆಗಳು ಎಷ್ಟು ಜನರನ್ನು ಆಸ್ಪತ್ರೆಗೆ ಕರೆದೊಯ್ದಿವೆ? ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ ಶುಲ್ಕ, ಉತ್ತರಕ್ಕೆ 30 ದಿನ. ಕಾರಾಗೃಹ ಇಲಾಖೆಗೆ ಒಂದು, ಪೊಲೀಸ್ ಇಲಾಖೆಗೆ ಒಂದು ಬರೆದಿಟ್ಟಿದ್ದೇನೆ. ನಿಮ್ಮ ಜಿಲ್ಲೆಗೂ ಹಾಕುವುದಾದರೆ ಪ್ರಶ್ನೆಗಳನ್ನು ಹೀಗೇ ಬಳಸಿಕೊಳ್ಳಿ. ಉತ್ತರ ಬಂದಮೇಲೆ ಪೂರ್ತಿ ಇಲ್ಲೇ ಹಾಕುತ್ತೇನೆ, ಬರದಿದ್ದರೆ ಮೇಲ್ಮನವಿಯ ಪ್ರತಿ ಹಾಕುತ್ತೇನೆ.